ಅಪ್ಪನ ಗದ್ದೆ ಮಾರಿದೆವು, ನೆಮ್ಮದಿಯಾಗಿದ್ದೇವೆ

ಅಪ್ಪನ ಪಾಲಿನ ಗದ್ದೆ ಮಾರಿಬಿಟ್ಟಿರಂತೆ ಅಂತ ನೆಂಟರು, ಊರಿನ ಕಡೆಯವರು ಸಿಕ್ಕಿದಾಗೆಲ್ಲ ಕೇಳುತ್ತಿದ್ದಾರೆ. ಏನಾದರೂ ಕಷ್ಟ ಬಂತಾ ಅಂತ ಕೆಲವರು ಕಾಳಜಿಯಿಂದ ವಿಚಾರಿಸುತ್ತಾರೆ. ಕೆಲವರು ಬಾಯಿಬಿಟ್ಟು ಕೇಳುವುದಿಲ್ಲ, ಸುಮ್ನೆ ಮುಖ ನೋಡುತ್ತಾರೆ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಹೌದು, ಮಾರಿದೆವು. ಸಾಲ ಇರಲಿಲ್ಲ, ಮದುವೆ ಖರ್ಚು ಇರಲಿಲ್ಲ, ಯಾರಿಗೂ ಕಾಯಿಲೆಯೂ ಇರಲಿಲ್ಲ. ನಮ್ಮಲ್ಲಿ ಬೇಸಾಯ ಮಾಡುವವರು ಯಾರೂ ಉಳಿದಿರಲಿಲ್ಲ, ಅಷ್ಟೇ. ಬೇಸಾಯ ಮಾಡದವರು ಗದ್ದೆ ಹಿಡಿದುಕೊಂಡು ಕೂರಬಾರದು, ಮಾಡುವವರಿಗೆ ಬಿಟ್ಟುಕೊಡಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಪಾಂಡವಪುರ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೆಳಗೆ 28 ಗುಂಟೆ ಗದ್ದೆ. ಮುಕ್ಕಾಲು ಎಕರೆಗೂ ಎರಡು ಗುಂಟೆ ಕಮ್ಮಿ. ಹಳಬರು ಆ ನಾಲೆಯನ್ನು ಇರ್ವಿನ್ ನಾಲೆ ಅಂತಲೇ ಕರೆಯುತ್ತಿದ್ದರು. ಕನ್ನಂಬಾಡಿ ಕಟ್ಟಿ ನಾಲೆಯಲ್ಲಿ ನೀರು ಹರಿಯುವ ಮುಂಚೆ ಅಲ್ಲೆಲ್ಲ ರಾಗಿ, ಹುರುಳಿ. ನೀರು ಬಂದ ಮೇಲೆ ಭತ್ತ, ಕಬ್ಬು. 1933ರಲ್ಲಿ ಮಂಡ್ಯದಲ್ಲಿ ಮೈಷುಗರ್ ಕಾರ್ಖಾನೆ ಶುರುವಾಯಿತು, ಊರೂರಿಗೆ ಆಲೆಮನೆಗಳು ಬಂದವು. ನಮ್ಮಜ್ಜ ಆಲೆಮನೆಯಲ್ಲಿ ಬೆಲ್ಲ ಕಾಯಿಸಿ ಸೇರಿಸಿದ ದುಡ್ಡಿನಲ್ಲಿ ಈ ಗದ್ದೆ ಕೊಂಡಿದ್ದು. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಮಾರಿದ್ದೇವೆ. ನಮಗೆ ಊರಿನ ಬೆಲೆ ಗೊತ್ತಿಲ್ಲ ಅಂತ ಮಾತ್ರ ಯಾರೂ ಅನ್ನಬೇಡಿ.

ಅಪ್ಪ ಹೋದ ಮೇಲೆ ಆ ಗದ್ದೆ ಅಮ್ಮನ ತಲೆ ಮೇಲೆ ಬಿತ್ತು. ನಾನು ಮೈಸೂರಿನಲ್ಲಿ, ತಮ್ಮ ಬೆಂಗಳೂರಿನಲ್ಲಿ. ಅಮ್ಮ ನನ್ನ ಜೊತೆ ಇದ್ದಾರೆ. ಗದ್ದೆಯನ್ನು ಊರಿನವರೇ ಒಬ್ಬರು ಮಾಡುತ್ತಿದ್ದರು, ಅವರ ಗದ್ದೆ ನಮ್ಮ ಗದ್ದೆಗೆ ಅಂಟಿಕೊಂಡೇ ಇದೆ. ಸುಗ್ಗಿ ಮುಗಿದ ಮೇಲೆ ಒಂದಿಷ್ಟು ಅಕ್ಕಿ ಮೂಟೆ ಕಳಿಸುತ್ತಿದ್ದರು. ಅಕ್ಕಿಗಿಂತ ಜಾಸ್ತಿ ಬರುತ್ತಿದ್ದದ್ದು ಫೋನು. ಆ ಕಡೆಯವರು ಬದು ಕೆತ್ತುತ್ತಿದ್ದಾರೆ. ನೀರುಗಂಟಿ ಈ ಸಲ ಮೇಲಿನವರಿಗೆ ಮಾತ್ರ ನೀರು ಬಿಟ್ಟ. ಯಾರೋ ಅಳತೆ ಮಾಡಿಸಿದರಂತೆ, ನಮ್ಮ ಕಡೆಗೇ ಬರುತ್ತದಂತೆ. ರಾತ್ರಿ ಊಟದ ಹೊತ್ತಿಗೆ ಇಂಥ ಫೋನು ಬಂದರೆ ಅಮ್ಮನಿಗೆ ಅವತ್ತು ನಿದ್ದೆ ಇಲ್ಲ. ಬಿ.ಪಿ. ಮಾತ್ರೆ ತೊಗೊಳ್ಳುವ ಹೆಂಗಸು, ಕತ್ತಲಲ್ಲಿ ಎದ್ದು ಕೂತು ಎಲ್ಲಿ ಕಲ್ಲು ಇತ್ತು, ಎಲ್ಲಿ ತೆಂಗಿನ ಮರ ಇತ್ತು ಅಂತ ಲೆಕ್ಕ ಹಾಕುತ್ತಿದ್ದರು. ಗದ್ದೆ ಹೋದೀತು ಅನ್ನುವ ಭಯಕ್ಕಿಂತ, ನನ್ನ ಕಾಲದಲ್ಲಿ ಹೋಯಿತು ಅಂತ ಜನ ಆಡಿಕೊಂಡಾರು ಅನ್ನುವ ಭಯ ಅವರಿಗೆ.

"ಭೂಮಿತಾಯಿನ ಮಾರ್ತಾರಾ?" ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ. ತಾಯಿ ಅಂದ ಮೇಲೆ ನೋಡಿಕೊಳ್ಳಬೇಕು ಅಲ್ವಾ? ನಾವು ನೋಡಿಕೊಳ್ಳುತ್ತಿರಲಿಲ್ಲ. ನೋಡಿಕೊಳ್ಳುತ್ತಿದ್ದವರಿಗೆ ಹಕ್ಕು ಇರಲಿಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಇದನ್ನು ಯೋಚಿಸುವುದೇ ಇಲ್ಲ. ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗುತ್ತಿಗೆಗೆ ಕೊಡಲು ಕಾನೂನಿನಲ್ಲಿ ಅವಕಾಶ ಇಲ್ಲ, ಸೈನಿಕರಂಥ ಕೆಲವರನ್ನು ಬಿಟ್ಟರೆ. ದೇವರಾಜ ಅರಸು ಅವರ ಕಾಲದಲ್ಲಿ, 1974ರಲ್ಲಿ, ಗೇಣಿ ಪದ್ಧತಿ ಹೋಯಿತು. ಉಳುವವನೇ ಹೊಲದೊಡೆಯ ಆದ. ಎಷ್ಟೋ ಮನೆಗಳಿಗೆ ಅದರಿಂದ ಅನ್ನ ಸಿಕ್ಕಿತು, ಅದು ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಜಮೀನು ಕೊಡುವವರ ಮನಸ್ಸಿನಲ್ಲಿ ಅವತ್ತು ಹೊಕ್ಕ ಭಯ ಇನ್ನೂ ಹೋಗಿಲ್ಲ. ಗುತ್ತಿಗೆ ಈಗಲೂ ಎಲ್ಲ ಊರಲ್ಲೂ ನಡೆಯುತ್ತದೆ, ಎಲ್ಲ ಬಾಯಿಮಾತಿನ ಮೇಲೆ. ಒಂದು ಚೀಟಿ ಬರೆದುಕೊಡುವುದಿಲ್ಲ. ಒಬ್ಬರ ಕೈಯಲ್ಲೇ ಜಾಸ್ತಿ ವರ್ಷ ಬಿಟ್ಟರೆ ಹಕ್ಕು ಕೇಳಿಯಾರು ಅಂತ ಆಗಾಗ ಆಳು ಬದಲಾಯಿಸುತ್ತಾರೆ. ಮುಂದಿನ ವರ್ಷ ಇರುತ್ತೋ ಇಲ್ಲವೋ ಅಂತ ಗೊತ್ತಿಲ್ಲದ ಗದ್ದೆಗೆ ಯಾರು ಕೊಟ್ಟಿಗೆ ಗೊಬ್ಬರ ಹೊಡೆಯುತ್ತಾರೆ? ಯಾರು ಬದು ಕಟ್ಟುತ್ತಾರೆ? ಯೂರಿಯಾ ಚೆಲ್ಲಿ ಬೆಳೆ ತೆಗೆದುಕೊಂಡು ಹೋಗುತ್ತಾರೆ. ನೆಲ ಸೊರಗುತ್ತದೆ.

ಮಾಡುವವರ ಕಷ್ಟ ಇನ್ನೂ ದೊಡ್ಡದು. ಈಗ ಎಲ್ಲದಕ್ಕೂ ಪಹಣಿ (ಜಮೀನು ಯಾರದು ಅಂತ ತೋರಿಸುವ ದಾಖಲೆ) ಬೇಕು, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಬೇಕು. ಬೆಳೆ ಸಾಲ ಬೇಕಾದರೂ ಅದೇ, ಖರೀದಿ ಕೇಂದ್ರದಲ್ಲಿ ಬೆಂಬಲ ಬೆಲೆಗೆ ಭತ್ತ, ರಾಗಿ ಹಾಕಬೇಕಾದರೂ ಅದೇ. 2023ರಲ್ಲಿ ಬರಗಾಲ ಬಂತು. ಕೆ.ಆರ್.ಎಸ್. ತುಂಬಲಿಲ್ಲ, ಮಂಡ್ಯದಲ್ಲಿ ನೀರಿಗಾಗಿ ಬಂದ್ ಆಯಿತು. ಬೆಳೆ ಪರಿಹಾರದ ದುಡ್ಡು ಬಂದಿದ್ದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಬಿತ್ತಿ ಕಳೆದುಕೊಂಡವರು ಬೇರೆ. ನಮ್ಮ ಗದ್ದೆ ಮಾಡುತ್ತಿದ್ದವರು ಆ ವರ್ಷ ಫೋನು ಮಾಡಿ, "ಅಕ್ಕೋರೆ, ಒಟ್ಲು (ಭತ್ತದ ಸಸಿ ಮಡಿ) ಒಣ್ಗೋಯ್ತು, ಈ ಸಲ ಅಕ್ಕಿ ಕಳ್ಸಕ್ಕಾಗಲ್ಲ, ಬೇಜಾರ್ ಮಾಡ್ಕಬ್ಯಾಡಿ" ಅಂದರು. ನಷ್ಟ ಅವರದು, ಕ್ಷಮೆ ಕೇಳಿದವರೂ ಅವರೇ. ಅವತ್ತೇ ನಾನು ತಮ್ಮನಿಗೆ ಹೇಳಿದೆ, ಈ ಗದ್ದೆ ಅವರಿಗೇ ಹೋಗಬೇಕು ಅಂತ.

ತಮ್ಮ ಒಪ್ಪಿದ. ಅಮ್ಮ ಒಪ್ಪಲು ಸಮಯ ಹಿಡಿಯಿತು. ಕಾಗದ ಪತ್ರಕ್ಕೆ ಅದಕ್ಕಿಂತ ಜಾಸ್ತಿ ಸಮಯ ಹಿಡಿಯಿತು.

ಪಹಣಿ ತೆಗೆಸಿ ನೋಡಿದರೆ 9ನೇ ಕಾಲಂನಲ್ಲಿ ಇನ್ನೂ ಅಜ್ಜನ ಹೆಸರು. ಅಪ್ಪನ ಹೆಸರಿಗೆ ಬಂದೇ ಇರಲಿಲ್ಲ. ಅಜ್ಜನ ಜೊತೆ ಇನ್ನಿಬ್ಬರ ಹೆಸರು, ಪೋಡಿ ಆಗಿಲ್ಲ, ಅಂದರೆ ಒಬ್ಬೊಬ್ಬರ ಪಾಲು ಅಳೆದು ಬೇರೆ ಮಾಡಿಲ್ಲ. 11ನೇ ಕಾಲಂನಲ್ಲಿ ಅಜ್ಜ ಯಾವತ್ತೋ ಸೊಸೈಟಿಯಲ್ಲಿ ಮಾಡಿದ್ದ ಬೆಳೆ ಸಾಲ ಹಾಗೇ ಕೂತಿತ್ತು. ಸಾಲ ತೀರಿತ್ತು, ನಮೂದು ತೆಗೆಸಿರಲಿಲ್ಲ. ಅಜ್ಜನ ಮರಣ ಪತ್ರವೂ ಇರಲಿಲ್ಲ. ಸಾವು ನೋಂದಣಿಯಾಗದೆ ವರ್ಷ ದಾಟಿದರೆ ಅದಕ್ಕೆ ಬೇರೆ ಆದೇಶ ತರಬೇಕು. ಆಮೇಲೆ ವಂಶವೃಕ್ಷ, ಆಮೇಲೆ ಪೌತಿ ಖಾತೆ (ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಮಾಡಿಸುವುದು), ಆಮೇಲೆ ಸರ್ವೆ, 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ತೋರಿಸುವ ನಕ್ಷೆ). ನಮ್ಮ ಹಳ್ಳಿಗಳಲ್ಲಿ ಎಷ್ಟೋ ಪಹಣಿಗಳು ಸತ್ತವರ ಹೆಸರಿನಲ್ಲೇ ಓಡುತ್ತಿವೆ. ಅದಕ್ಕೇ ಕಂದಾಯ ಇಲಾಖೆಯೇ ಈಗ ಪೌತಿ ಖಾತೆ ಆಂದೋಲನ ಮಾಡುತ್ತಿದೆ. ಮಾರುವ ಯೋಚನೆ ಇಲ್ಲದವರೂ ಇದನ್ನು ಮಾಡಿಸಿಕೊಳ್ಳಿ. ಯಾರು ಯಾರ ಮಗ, ಯಾವ ಗದ್ದೆ ಯಾರು ಕೊಂಡಿದ್ದು ಅಂತ ಹೇಳುವ ಹಿರಿಯರು ಈಗ ಇದ್ದಾರೆ.

ಅಳತೆಯ ದಿನ ಅಮ್ಮನೂ ಬಂದಿದ್ದರು. ಸರ್ವೆಯವರು ನಕ್ಷೆ ಹಿಡಿದು ಒಂದು ಕಡೆ ತೋರಿಸಿ, ಬಾಂದು ಕಲ್ಲು (ಗಡಿ ಕಲ್ಲು) ಇಲ್ಲೇ ಇರಬೇಕು ಅಂದರು. ಅಲ್ಲಿ ಬರೀ ಹುಲ್ಲು. ಗುದ್ದಲಿ ಹಾಕಿ ಅಗೆದರು. ಮೊಣಕೈ ಉದ್ದ ಕೆಳಗೆ ಹೋದ ಮೇಲೆ ಠಣ್ ಅಂತು. ಅಮ್ಮ ಕೆಸರಿನಲ್ಲೇ ಕೂತು ಕೈಯಿಂದ ಮಣ್ಣು ಒರೆಸಿದರು. ಕಲ್ಲು ಇದ್ದ ಜಾಗದಲ್ಲೇ ಇತ್ತು, ಯಾರೂ ಕಿತ್ತಿರಲಿಲ್ಲ. ಬದು ಮಾತ್ರ ವರ್ಷ ವರ್ಷ ಸ್ವಲ್ಪ ಸ್ವಲ್ಪ ನಮ್ಮ ಕಡೆ ಸರಿದಿತ್ತು. ಆ ಕಡೆಯವರು ನಿಂತು ನೋಡಿದರು, ಜಗಳ ಆಡಲಿಲ್ಲ. ಅಷ್ಟು ವರ್ಷದ ರಾತ್ರಿ ಫೋನುಗಳಿಗೆ ಅರ್ಧ ದಿನದಲ್ಲಿ ಉತ್ತರ ಸಿಕ್ಕಿತು. ಜಮೀನು ದೂರ ಇರುವವರಿಗೆ ನನ್ನ ಮೊದಲ ಸಲಹೆ ಇದೇ, ಮಾರಿದರೂ ಸರಿ, ಮಾರದಿದ್ದರೂ ಸರಿ, ಮೊದಲು ಹದ್ದುಬಸ್ತು (ಗಡಿ ಅಳತೆ) ಮಾಡಿಸಿ.

ಇನ್ನು ಸೋದರತ್ತೆ ವಿಷಯ. ಇದನ್ನು ಬರೆಯಲೇಬೇಕು. ಅಪ್ಪನಿಗೆ ಒಬ್ಬರು ಅಕ್ಕ ಇದ್ದಾರೆ, ಮದ್ದೂರು ಕಡೆ ಕೊಟ್ಟಿದ್ದು. "ಅವರ ಕೈಲಿ ಒಂದು ಸೈನ್ ಹಾಕಿಸ್ಕೊಂಡ್ರೆ ಆಯ್ತು, ಒಂದು ಸೀರೆ ಕೊಟ್ಟು ಕಳಿಸಿ" ಅಂತ ನಮಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಹೆಣ್ಣುಮಕ್ಕಳಿಗೆ ಪಾಲು ಅನ್ನುವುದು 2005ರ ತಿದ್ದುಪಡಿಯಿಂದ ಬಂದಿದ್ದು, ಅದಕ್ಕೂ ಮುಂಚೆ ತಂದೆ ಸತ್ತಿದ್ದರೆ ಏನೂ ಇಲ್ಲ ಅಂತ ಇನ್ನೂ ತುಂಬಾ ಜನ ತಿಳಿದಿದ್ದಾರೆ. ಅದು ತಪ್ಪು. ಅಜ್ಜ ಸ್ವಂತ ದುಡಿದು ಕೊಂಡ ಜಮೀನು ಆದರೆ, ಉಯಿಲು ಬರೆಯದೆ ಹೋಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಮಗ, ಮಗಳು, ಹೆಂಡತಿ ಎಲ್ಲರಿಗೂ ಸಮ ಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗ ಪತ್ರವೋ ಕೋರ್ಟ್ ಡಿಕ್ರಿಯೋ ಇದ್ದರೆ ಆ ಮಾತು ಬೇರೆ.

ನಾವು ಅತ್ತೆಗೆ ಅರ್ಧ ಕೊಟ್ಟೆವು. ಕಾನೂನು ಇಲ್ಲದಿದ್ದರೂ ಕೊಡಬೇಕಿತ್ತು ಅಂತ ನನ್ನ ಮನಸ್ಸು. ಮದುವೆಗೆ ಮುಂಚೆ ಆ ಗದ್ದೆಯಲ್ಲಿ ನಾಟಿ ಹಾಕಿದವರು, ಕಳೆ ಕಿತ್ತವರು ಅವರು. ನಾನು ಒಂದು ದಿನವೂ ಪೈರು ಮುಟ್ಟಿದವಳಲ್ಲ. ಅತ್ತೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಹೊರಗೆ ಬಂದು, "ನಿಮ್ಮಪ್ಪ ಇದ್ದಿದ್ರೆ ಮಾರಕ್ಕೆ ಬುಡ್ತಿರ್ಲಿಲ್ಲ ಕಣವ್ವ. ನಂಗೆ ಪಾಲು ಕೊಡಕ್ಕೂ ಬುಡ್ತಿರ್ಲಿಲ್ಲ" ಅಂದರು. ಅಪ್ಪನ ಮೇಲೆ ನನಗೆ ತುಂಬಾ ಪ್ರೀತಿ. ಆದರೂ ಅತ್ತೆ ಹೇಳಿದ್ದು ನಿಜ.

ಸಮಾಧಿ ವಿಷಯವನ್ನೂ ಕೇಳುತ್ತಾರೆ. ಗದ್ದೆಯ ಮೂಲೆಯ ದಿಣ್ಣೆ ಮೇಲೆ ಅಜ್ಜ, ಅಜ್ಜಿ ಇದ್ದಾರೆ. ಅಮ್ಮ ತಡೆದಿದ್ದು ಅದಕ್ಕೇ. ಆ ಜಾಗ ಕೆಡವಬಾರದು, ಪಿತೃಪಕ್ಷಕ್ಕೆ ನಮ್ಮ ಮನೆಯವರು ಬಂದು ಪೂಜೆ ಮಾಡಬಹುದು ಅಂತ ಕ್ರಯಪತ್ರದಲ್ಲೇ ಬರೆಸಿದೆವು. ಕೊಂಡವರು, "ಇದ್ನ ಬರೆಸ್ಬೇಕಾ ಅಕ್ಕೋರೆ, ನಮ್ಮೋರಲ್ವಾ" ಅಂದರು. ಆದರೂ ಬರೆಸಿದೆವು. ನಾಳೆ ಅವರ ಮಕ್ಕಳು ಯಾರಿಗೋ ಮಾರಬಹುದು. ಇಂಥ ಮಾತು ಕಾಗದದ ಮೇಲೆ ಇರುವುದು ಎಲ್ಲರಿಗೂ ಒಳ್ಳೆಯದು.

ಇನ್ನೂ ಹತ್ತು ವರ್ಷ ತಡೆದಿದ್ದರೆ ಬಂಗಾರದಂಥ ಬೆಲೆ ಬರುತ್ತಿತ್ತು ಅನ್ನುವವರು ಇದ್ದಾರೆ. 2023ರಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ಹೈವೇ ಆದ ಮೇಲೆ ಬ್ರೋಕರುಗಳು ಊರೂರು ಸುತ್ತುತ್ತಿದ್ದಾರೆ. 2020ರಲ್ಲಿ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ ಆಯಿತು, ಅದರಿಂದಲೂ ಬೇಡಿಕೆ ಏರಿತು. ನಮಗೂ ಜಾಸ್ತಿ ಕೊಡುತ್ತೇವೆ ಅಂತ ಬಂದರು. ಕೊಂಡು ಏನು ಮಾಡುತ್ತೀರಿ ಅಂದರೆ ಬೇಲಿ ಹಾಕಿ ಬಿಡುತ್ತೇವೆ ಅಂದರು. ನಾಲೆ ನೀರು ಹರಿಯುವ ಗದ್ದೆಗೆ ಬೇಲಿ ಹಾಕಿ ಬಿಡುವುದು ನನಗೆ ನೋಡಲಾಗದ ಸಂಗತಿ. ಬೆಲೆ ಕಮ್ಮಿಯಾದರೂ ಬೇಸಾಯ ಮಾಡುವವರಿಗೇ ಕೊಟ್ಟೆವು. ಪೂರ್ತಿ ದುಡ್ಡನ್ನು ಬ್ಯಾಂಕಿನ ಮೂಲಕ ತೊಗೊಂಡು, ಅಷ್ಟನ್ನೂ ಪತ್ರದಲ್ಲಿ ತೋರಿಸಿದೆವು. ಕೊಳ್ಳುವವರಿಗೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2% ಆಗಿದೆ. ನಮಗೆ ತೆರಿಗೆ ಬೀಳಲಿಲ್ಲ. ಪಟ್ಟಣದ ಎಲ್ಲೆಯಿಂದ ದೂರ ಇರುವ ಕೃಷಿ ಜಮೀನಿಗೆ ಬಂಡವಾಳ ಲಾಭದ ತೆರಿಗೆ ಇಲ್ಲ. ಎಷ್ಟು ದೂರ ಅನ್ನುವುದು ಆ ಪಟ್ಟಣದ ಜನಸಂಖ್ಯೆ ಮೇಲೆ, 2, 6 ಅಥವಾ 8 ಕಿಲೋಮೀಟರ್.

ಎಲ್ಲರೂ ಮಾರಿ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ವಾಪಸ್ ಹೋಗಿ ಬೇಸಾಯ ಮಾಡುವ ಮನಸ್ಸಿದ್ದರೆ ಖಂಡಿತ ಮಾರಬೇಡಿ. ಗಂಡ ಇಲ್ಲದ, ಬೇರೆ ಆಧಾರ ಇಲ್ಲದ ಹೆಣ್ಣುಮಗಳ ಹೆಸರಿನಲ್ಲಿ ಇರುವ ಒಂದೇ ಆಸ್ತಿ ಅದಾದರೆ, ಯಾರು ಎಷ್ಟೇ ಒತ್ತಾಯ ಮಾಡಿದರೂ ಮಾರಬೇಡಿ. ಸಾಲಗಾರರ ಕಾಟಕ್ಕೆ ಅರ್ಜೆಂಟಿನಲ್ಲಿ ಮಾರಿದ ಜಮೀನಿನಿಂದ ನೆಮ್ಮದಿ ಬಂದಿದ್ದನ್ನು ನಾನು ನೋಡಿಲ್ಲ.

ಮೈಸೂರಿನ ಖಾಲಿ ಸೈಟುಗಳ ಮಾತೂ ಹೆಚ್ಚುಕಮ್ಮಿ ಇದೇ. ನಮ್ಮ ಬೀದಿಯಲ್ಲೇ ಒಂದಿದೆ, ಮಾಲೀಕರು ವಿದೇಶದಲ್ಲಿ. ಪಾರ್ಥೇನಿಯಂ ಆಳೆತ್ತರ ಬೆಳೆದಿದೆ, ಕಟ್ಟಡದ ಕಸ ತಂದು ಸುರಿಯುತ್ತಾರೆ, ಮಳೆಗಾಲದಲ್ಲಿ ಹಾವು. ಮಾರಲು ಮನಸ್ಸಿಲ್ಲದಿದ್ದರೆ ವರ್ಷ ವರ್ಷ ಕಂದಾಯ ಕಟ್ಟಿ, ಸುತ್ತ ಕಾಂಪೌಂಡ್ ಹಾಕಿಸಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಆಗಾಗ ಇ.ಸಿ. (ಋಣಭಾರ ಪತ್ರ) ತೆಗೆದು ನೋಡಿ. ನಿಮ್ಮ ಸೈಟನ್ನು ಇನ್ಯಾರೋ ಸುಳ್ಳು ಪತ್ರ ಮಾಡಿ ಮಾರಿದ್ದರೆ ಅದರಲ್ಲಿ ಗೊತ್ತಾಗುತ್ತದೆ.

ಗದ್ದೆ ಕೊಂಡವರ ಹೆಸರಿಗೆ ಪಹಣಿ ಬಂದಿದೆ. ಈ ಸಲ ಅವರೇ ಬೆಳೆ ಸಾಲಕ್ಕೆ ಅರ್ಜಿ ಹಾಕಿದ್ದಾರೆ. ಅತ್ತೆ ತಮ್ಮ ದುಡ್ಡನ್ನು ಪೋಸ್ಟ್ ಆಫೀಸಿನಲ್ಲಿ ಇಟ್ಟಿದ್ದಾರೆ, ತಿಂಗಳ ಬಡ್ಡಿ ಅವರ ಕೈಗೇ ಬರುತ್ತದೆ. ಅಮ್ಮ ರಾತ್ರಿ ಫೋನನ್ನು ಹಾಲಿನಲ್ಲೇ ಬಿಟ್ಟು ಮಲಗುತ್ತಾರೆ. ವಂಶವೃಕ್ಷ, ಹಳೆಯ ಮರಣ ನೋಂದಣಿ, 11ನೇ ಕಾಲಂನ ಹಳೇ ಸಾಲದ ನಮೂದು ತೆಗೆಸುವುದು, ಇವುಗಳ ಬಗ್ಗೆ ಕೇಳುವುದಿದ್ದರೆ ಇನ್‌ಬಾಕ್ಸಿಗೆ ಬನ್ನಿ. ನಾವು ಯಾವ್ಯಾವ ಕಾಗದ ಎಲ್ಲೆಲ್ಲಿ ಕೊಟ್ಟೆವು ಅನ್ನುವುದನ್ನು ತಮ್ಮ ಬರೆದಿಟ್ಟಿದ್ದಾನೆ, ಕಳಿಸುತ್ತೇನೆ.