ಎಡಗಡೆ ಒಂದು, ಬಲಗಡೆ ಒಂದು

ಕಡೆಗೂ ಗಂಧಕದ ಹೊಗೆ ತಾಪತ್ರಯ ಬಗೆಹರೀತು ನೋಡಿ. 2015ರ ಡಿಸೆಂಬರಲ್ಲಿ ಸರ್ಕಾರದೋರು ಏನಂದಿದ್ರು, ಕಲ್ಲಿದ್ದಲು ಸ್ಥಾವರದೋರು ಎರಡೇ ವರ್ಷದಲ್ಲಿ ಎಫ್‌ಜಿಡಿ ಅನ್ನೋ ಗಂಧಕ ತೆಗೆಯೋ ಯಂತ್ರ ಹಾಕ್ಕೊಂಡು ಚಿಮಣಿ ಹೊಗೆನ ಸುಣ್ಣದಕಲ್ಲಿನ ನೀರಲ್ಲಿ ತೊಳೆದೇ ಬಿಡ್ಬೇಕು ಅಂತ. 2017 ಹೋಯ್ತು, 2022 ಹೋಯ್ತು, ಮಧ್ಯೆ ಇನ್ನಷ್ಟು ಗಡುವು, 2025ರ ಜುಲೈನಲ್ಲಿ ಸುಮಾರು 78% ಘಟಕಗಳಿಗೆ ಅದು ಬೇಡವೇ ಬೇಡ, ಚಿಮಣಿ ಎತ್ತರ ಇದ್ರೆ ಸಾಕು ಅಂದ್ರು. ಎಂಥಾ ತಲೆ ಸ್ವಾಮಿ! ತೊಳೆದ್ರೆ ತಾನೇ ಜಿಪ್ಸಮ್ ರಾಡಿ ಬರೋದು, ಅದನ್ನ ಎಲ್ಲಿ ಸುರಿಯೋದು ಅನ್ನೋ ತಲೆನೋವು? ಮನೆ ಗುಡಿಸದಿದ್ರೆ ಕಸಾನೇ ಇಲ್ಲ. ನಮ್ ಕಲ್ಲಿದ್ದಲಲ್ಲಿ ಗಂಧಕ ಕಮ್ಮಿಯಂತೆ, ಹೌದು ಕಮ್ಮಿನೇ, ಸುಡೋದೆಷ್ಟು ಅಂತ ಮಾತ್ರ ಕೇಳ್ಬಾರ್ದು. ಮೇಲೆ ಹೋದ ಹೊಗೆ ಸಲ್ಫೇಟಿನ ಸಣ್ಣ ಕಣ ಆಗಿ ಕೆಳಗೆ ಬರುತ್ತಲ್ಲ, ಅದಕ್ಕೆ ಲ್ಯಾಂಡ್‌ಫಿಲ್, ಅಂದ್ರೆ ಕಸ ಸುರಿಯೋ ಗುಂಡಿ, ಆಗ್ಲೇ ರೆಡಿ ಇದೆ, ತಲೆಗೆ ಎರಡೆರಡು, ಎದೆಗೂಡಲ್ಲಿ ಎಡಗಡೆ ಒಂದು ಬಲಗಡೆ ಒಂದು.

ಬೂದಿ ಕಥೆ ಇದಕ್ಕಿಂತ ಮಜಾ. ನಮ್ ಕಲ್ಲಿದ್ದಲಲ್ಲಿ 30ರಿಂದ 45% ಬೂದಿನೇ, ಅಂದ್ರೆ ರೈಲಲ್ಲಿ ಹೇರ್ಕೊಂಡು ಬರೋದ್ರಲ್ಲಿ ಮೂರನೇ ಒಂದು ಪಾಲು ಸುಡೋಕೇ ಬರಲ್ಲ, ಆದ್ರೂ ಟಿಕೆಟ್ ತಗೊಂಡು ಬರುತ್ತೆ. ವರ್ಷಕ್ಕೆ ಬೂದಿನೇ 30 ಕೋಟಿ ಟನ್ ಮೇಲೆ. ಅದನ್ನೆಲ್ಲಾ ಬಳಸಿ ಅಂತ 1999ರಿಂದ ಅಧಿಸೂಚನೆ ಮೇಲೆ ಅಧಿಸೂಚನೆ. ಸಿಮೆಂಟು, ಇಟ್ಟಿಗೆ ಸರಿ, ಒಪ್ಕೊಳ್ಳೋಣ. ಆದ್ರೆ ತಗ್ಗು ಜಾಗಕ್ಕೆ ತಂದು ಸುರಿದ್ರೂ ಅದು ಬಳಕೆ ಲೆಕ್ಕಕ್ಕೇ ಜಮಾ! ಸ್ಥಾವರದೋರು ಬೂದಿ ತುಂಬಿಸಿಟ್ಟ ಹಳೇ ಬೂದಿ ಕೆರೆ ಮೇಲೆ ಮಣ್ಣು ಹಾಕಿ ಗಿಡ ನೆಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸರ್ಟಿಫಿಕೇಟ್ ತಗೊಂಡ್ರೆ ಅದನ್ನ ಖಾಲಿ ಮಾಡೋ ಗೋಜೂ ಇಲ್ಲ. ಸಸಿ ನೆಡೋಕೆ ಯಾರಾದ್ರೂ ದೊಡ್ಡೋರು ಬರ್ತಾರೆ, ರಿಬ್ಬನ್ನು, ಹೊಸ ಸನಿಕೆ, ಫೋಟೋ, ಚಪ್ಪಾಳೆ. ಬೇರು ಬೂದಿಯೊಳಗಿನ ಆರ್ಸೆನಿಕ್ ವಿಷಕ್ಕೆ ತಾಗಿದಾಗ ಫೋಟೋದೋರು ಇರಲ್ಲ.

ಸರಿಯಾದ ಲ್ಯಾಂಡ್‌ಫಿಲ್ ಅಂದ್ರೆ ರಾಕೆಟ್ ವಿದ್ಯೆ ಏನಲ್ಲ. ಅಡಿಗೆ ಒತ್ತಿದ ಜೇಡಿಮಣ್ಣು, ಮೇಲೆ ದಪ್ಪ ಪ್ಲಾಸ್ಟಿಕ್ ಶೀಟು, ಬಸಿಯೋ ನೀರು ಹಿಡಿಯೋ ಪೈಪು, ಸುತ್ತ ಅಂತರ್ಜಲ ನೋಡೋಕೆ ಬೋರ್‌ವೆಲ್ಲು, ಬೂದಿ ಹಾರದಂಗೆ ನೀರು ಚಿಮುಕಿಸೋದು, ತುಂಬಿದ್ಮೇಲೆ ಮುಚ್ಚೋದು, ಇಷ್ಟೇ. ಎಷ್ಟೋ ಹಳೇ ಕೆರೆಗಳಿಗೆ ಶೀಟೇ ಇಲ್ಲ, ಬೂದಿಗೆ ನೀರು ಕಲಸಿ ಪೈಪಲ್ಲಿ ಬಿಡೋದು, ಬೇಸಿಗೆಲಿ ಅದು ಒಣಗಿ ಗಾಳಿ ಎದ್ರೆ ಪಕ್ಕದ ಹಳ್ಳಿಲಿ ಒಗೆದು ಹಾಕಿದ ಬಟ್ಟೆ ತಂತಿ ಮೇಲೇ ಬಣ್ಣ ಕಳ್ಕೊಳ್ಳುತ್ತೆ, ಬಿಂದಿಗೆ ಮೇಲೆ ಬೆರಳಾಡಿಸಿದ್ರೆ ಗೆರೆ ಬೀಳುತ್ತೆ.

ಮಧ್ಯಪ್ರದೇಶದ ಸಿಂಗ್ರೌಲಿ ಒಂದೇ ಜಿಲ್ಲೇಲಿ 2019ರ ಆಗಸ್ಟಿಂದ 2020ರ ಏಪ್ರಿಲ್ ಒಳಗೆ ಮೂರು ಸಲ ಬೂದಿ ಕೆರೆ ಏರಿ ಒಡೀತು. ಮೂರನೇ ಸಲ ಸಾಸನ್ ಸ್ಥಾವರದಲ್ಲಿ ಆರು ಜನ ಹೋದ್ರು, ಅದ್ರಲ್ಲಿ ಮಕ್ಕಳೂ ಇದ್ರು. ಅವತ್ತು ಹೊಲಕ್ಕೆ ನುಗ್ಗಿದ ಬೂದಿನ ಯಾವ ಕಾಲಮ್ಮಲ್ಲಿ ಬರ್ಕೊಂಡ್ರೋ, ತಗ್ಗು ಪ್ರದೇಶ ಭರ್ತಿ ಅಂತ ಇರ್ಬೇಕು.

ಸಾಕಪ್ಪ, ತಮಾಷೆ ಮಾಡೋಕೂ ಬೇಜಾರು. ಕರೆಂಟ್ ಬೇಡ ಅಂತ ಯಾರೂ ಹೇಳ್ತಿಲ್ಲ, ಅಡಿಗೊಂದು ಶೀಟು ಹಾಸ್ರಯ್ಯಾ, ಏರಿ ಗಟ್ಟಿ ಇದ್ಯಾ ಅಂತ ಮಳೆಗಾಲಕ್ಕೆ ಮುಂಚೆ ಒಂದು ಸಲ ಹೋಗಿ ನೋಡ್ರಯ್ಯಾ.