‘ಎಷ್ಟು ಜನ’ ಅನ್ನುವ ಊರು, ‘ಎಷ್ಟು ತೂಕ’ ಅನ್ನುವ ದಾರಿ

ಮಂಡ್ಯ ಸೀಮೆಯಲ್ಲಿ ಯಾರಾದರೂ ಟೂರ್ ಹೊರಡ್ತೀವಿ ಅಂದರೆ ಮೊದಲು ಬರುವ ಪ್ರಶ್ನೆ ‘ಎಷ್ಟು ಜನ?’ ಹನ್ನೆರಡಾದರೆ ಟಿಟಿ, ನಲವತ್ತಾದರೆ ಬಸ್ಸು, ಐದೇ ಜನ ಅಂದರೆ ನೆಂಟರ ಪೈಕಿ ಯಾರದೋ ಇನ್ನೋವಾ. ಮಿಕ್ಕಿದ್ದು ದಾರಿಯಲ್ಲಿ ಆಗುತ್ತೆ. ನಾನಿರುವ ಕೆನಡಾದ ಎಡ್ಮಂಟನ್‌ನಲ್ಲಿ ಉತ್ತರದ ಕಡೆ ಟ್ರಕ್ ಕ್ಯಾಂಪರ್ ಹಾಕಿಕೊಂಡು ಹೊರಡ್ತೀನಿ ಅಂದರೆ ಮೊದಲ ಪ್ರಶ್ನೆ ‘ಎಷ್ಟು ತೂಕ?’ ಎರಡೂ ಅವರವರ ದಾರಿಗೆ ಸರಿಯಾದ ಪ್ರಶ್ನೆಗಳೇ. ನನ್ನ ತಕರಾರು ಇಷ್ಟೇ: ಉತ್ತರಕ್ಕೆ ಹೋಗುವಾಗ ನಾವು ನಮ್ಮ ಈಗಿನ ಟೂರ್ ಬುದ್ಧಿಯನ್ನ ಕಟ್ಟಿಕೊಂಡು ಹೋಗಬಾರದು, ನಮ್ಮ ಹಿರಿಯರ ಯಾತ್ರೆ ಬುದ್ಧಿಯನ್ನ ತಗೊಂಡು ಹೋಗಬೇಕು.

ಈ ಸಂಕ್ರಾಂತಿಗೆ ಮಳವಳ್ಳಿ ಹತ್ತಿರದ ನಮ್ಮೂರಿಗೆ ಬಂದಾಗ ಈ ವರ್ಷದ ತಿರುಗಾಟದ ಮಾತು ಎದ್ದಿತು. ಅಕ್ಕ, ಭಾವ ಕೆನಡಾಕ್ಕೆ ಬರುತ್ತಾರೆ. ಅವರಿಬ್ಬರು, ನಾನು, ನನ್ನ ಹೆಂಡತಿ ಸೇರಿ ಎಡ್ಮಂಟನ್‌ನಿಂದ ಆರ್ಕ್‌ಟಿಕ್ ಸಮುದ್ರದ ದಂಡೆಯಲ್ಲಿರುವ ಟಕ್‌ಟೊಯಾಕ್‌ಟಕ್‌ವರೆಗೆ ಹೋಗಿ ಬರುವುದು. ಟ್ರಕ್ ಕ್ಯಾಂಪರ್ ಅಂದರೆ ಪಿಕಪ್ ಗಾಡಿಯ ಹಿಂದಿನ ತೊಟ್ಟಿಯ ಮೇಲೆ ಇಳಿಸಿ ಕೂರಿಸುವ ಪುಟ್ಟ ಮನೆ. ಕಾರಿಗೆ ತಗಲಿಸಿ ಎಳೆಯುವ ಟ್ರೇಲರ್ ಅಲ್ಲ. ಒಳಗೆ ಗ್ಯಾಸ್ ಒಲೆ, ಫ್ರಿಜ್ಜು, ನೀರಿನ ಟ್ಯಾಂಕು, ಡ್ರೈವರ್ ತಲೆ ಮೇಲಕ್ಕೆ ಚಾಚಿಕೊಂಡ ಹಾಸಿಗೆ. ನಾಲ್ಕು ಮೂಲೆಗೂ ಜಾಕಿ ಇರುತ್ತೆ. ಬೇಡ ಅಂದಾಗ ಮನೆಯನ್ನ ಜಾಕಿ ಮೇಲೆ ನಿಲ್ಲಿಸಿ, ಕೆಳಗಿನಿಂದ ಗಾಡಿಯನ್ನ ಈಚೆ ತೆಗೆಯಬಹುದು. ಫೋಟೋ ನೋಡಿದ ಅವ್ವ, ‘ಮುಡುಕುತೊರೆ ಜಾತ್ರೆಗೆ ಕಟ್ತಿದ್ದ ಕಮಾನು ಗಾಡಿ ಕಣ್ಲಾ ಇದು’ ಅಂದು ಎದ್ದು ಹೋದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ತಾನು ಬರದಿದ್ದರೂ ಪ್ಲಾನು ತನ್ನದೇ ಅಂತ ಲ್ಯಾಪ್‌ಟಾಪ್ ತೆಗೆದ. ಅವನ ಪಟ್ಟಿಯಲ್ಲಿ ಬ್ಯಾನ್ಫ್, ಜ್ಯಾಸ್ಪರ್, ಲಿಯಾರ್ಡ್ ಬಿಸಿನೀರ ಬುಗ್ಗೆ, ವೈಟ್‌ಹಾರ್ಸ್, ಡಾಸನ್ ಸಿಟಿ, ಇನುವಿಕ್, ಟಕ್‌ಟೊಯಾಕ್‌ಟಕ್, ಅಲ್ಲಿಂದ ಹಿಂದಕ್ಕೆ ಬಂದು ಅಲಾಸ್ಕಾ, ಡೆನಾಲಿ, ಡಾಲ್ಟನ್ ಹೆದ್ದಾರಿ. ಎಲ್ಲಾ ಎರಡು ವಾರದಲ್ಲಿ. ಕುಕ್ಕೆ, ಧರ್ಮಸ್ಥಳ, ಹೊರನಾಡು, ಶೃಂಗೇರಿಯನ್ನ ಶನಿವಾರ ಭಾನುವಾರದಲ್ಲಿ ಮುಗಿಸಿ ಸೋಮವಾರ ಬೆಳಗ್ಗೆ ಡ್ಯೂಟಿಗೆ ಹಾಜರಾಗುವವರ ಲೆಕ್ಕ ಇದು. ಹುಡುಗನ ತಪ್ಪಲ್ಲ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಆದಮೇಲೆ ಮದ್ದೂರು, ಮಂಡ್ಯ ಎರಡೂ ಬೈಪಾಸಿನ ಆಚೆಗೆ ಸರಿದವು. ಹೊರಟ ಊರು, ತಲುಪುವ ಊರು ಎರಡೇ ಉಳಿದು, ನಡುವಿನದು ಬರೀ ನಿಮಿಷಗಳ ಲೆಕ್ಕವಾಯಿತು. ಅಂಥ ರಸ್ತೆಯಲ್ಲಿ ಬೆಳೆದ ತಲೆಗೆ ದಾರಿ ಅನ್ನುವುದೇ ಒಂದು ಜಾಗ ಅಂತ ಹೇಳುವುದು ಕಷ್ಟ.

ಆ ದಾರಿ ಹೇಗಿದೆ ಅಂತ ಹೇಳುತ್ತೇನೆ. ಎಡ್ಮಂಟನ್‌ನಿಂದ ಡಾಸನ್ ಕ್ರೀಕ್ (ಡಾಸನ್ ಸಿಟಿ ಬೇರೆ ಊರು) ಹತ್ತಿರ ಹತ್ತಿರ 600 ಕಿ.ಮೀ. ಅಲಾಸ್ಕಾ ಹೆದ್ದಾರಿಯ ಸೊನ್ನೆ ಮೈಲಿ ಅಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಅಲಾಸ್ಕಾಕ್ಕೆ ನುಗ್ಗುತ್ತಾರೆಂಬ ಭಯಕ್ಕೆ 1942ರಲ್ಲಿ ಅಮೆರಿಕದ ಸೇನೆ ಎಂಟೇ ತಿಂಗಳಲ್ಲಿ ಕಾಡು ಕಡಿದು ಮಾಡಿದ ರಸ್ತೆ. ಸಾಮಾನ್ಯ ಜನಕ್ಕೆ ಬಿಟ್ಟಿದ್ದು 1948ರಲ್ಲಿ. ಆ ರಸ್ತೆಯಲ್ಲಿ ವೈಟ್‌ಹಾರ್ಸ್‌ಗೆ 1,400 ಕಿ.ಮೀ. ಮೇಲೆ. ಈಗ ಅದು ಡಾಂಬರು ರಸ್ತೆಯೇ. ವೈಟ್‌ಹಾರ್ಸ್‌ನಿಂದ ಉತ್ತರಕ್ಕೆ ತಿರುಗಿ, ಡಾಸನ್ ಸಿಟಿಗೆ 40 ಕಿ.ಮೀ. ಇರುವಾಗ ಬಲಕ್ಕೆ ಹೊರಳಿದರೆ ಡೆಂಪ್‌ಸ್ಟರ್ ಹೆದ್ದಾರಿ. 1979ರಲ್ಲಿ ಓಡಾಟಕ್ಕೆ ತೆರೆದ, ಇನುವಿಕ್‌ವರೆಗೆ ಸುಮಾರು 740 ಕಿ.ಮೀ. ಉದ್ದದ ಜಲ್ಲಿ ರಸ್ತೆ. ಅಲ್ಲಿಂದ ಟಕ್‌ಟೊಯಾಕ್‌ಟಕ್‌ಗೆ ಇನ್ನೊಂದು 140. ಆ ತುಂಡು ಆಗಿದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲಿನ ದಾರಿ, ಬೇಸಿಗೆಯಲ್ಲಿ ದೋಣಿ ಇಲ್ಲವೇ ವಿಮಾನ. ಒಟ್ಟು ಒಂದು ಕಡೆಗೆ 3,400 ಕಿ.ಮೀ. ಆಸುಪಾಸು. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ಹೆದ್ದಾರಿ ಇದಕ್ಕಿಂತ ಸ್ವಲ್ಪವೇ ಉದ್ದ.

ಡೆಂಪ್‌ಸ್ಟರ್‌ಗೆ ಯಾಕೆ ಡಾಂಬರು ಹಾಕಿಲ್ಲ ಅಂತ ಭಾವ ಕೇಳಿದರು. ಅಲ್ಲಿ ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಮೇಲಿನ ಪಾಚಿ ಹೊದಿಕೆ ಕೆರೆದರೆ ಬಿಸಿಲಿನ ಕಾವು ಇಳಿದು, ಒಳಗಿನ ಐಸು ಕರಗಿ, ರಸ್ತೆ ಕುಸಿಯುತ್ತದೆ. ಅದಕ್ಕೇ ನೆಲ ಅಗೆಯದೆ, ಅದರ ಮೇಲೆ ಮೀಟರಿಗೂ ಮೀರಿದ ದಪ್ಪಕ್ಕೆ ಜಲ್ಲಿ ಏರಿ ಹಾಕಿ, ಏರಿಯ ಮೇಲೆ ಗಾಡಿ ಓಡಿಸುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಗಾಡಿ ಬಿಟ್ಟವರಿಗೆ ಬೇರೆ ವಿವರ ಬೇಡ: ಅಂಚಿಗೆ ಇಳಿಸಬಾರದು, ಎದುರಿಗೆ ಲಾರಿ ಬಂದರೆ ಮೆಲ್ಲಗಾಗಬೇಕು. ಜಲ್ಲಿಯೋ, ಬ್ಲೇಡಿನಂಥ ಚೂಪು ಕಲ್ಲು. ಧೂಳು ಏಳದಿರಲೆಂದು ಹಾಕಿದ ಉಪ್ಪು ಮಳೆ ಬಂದರೆ ಕರಗಿ ರಸ್ತೆ ಜಾರುತ್ತದೆ. ಡೆಂಪ್‌ಸ್ಟರ್‌ಗೆ ಹೊರಳಿದ ಮೂಲೆಯಿಂದ ಮೊದಲ ಪೆಟ್ರೋಲ್ ಸಿಗುವ ಈಗಲ್ ಪ್ಲೇನ್ಸ್‌ಗೆ ಸುಮಾರು 370 ಕಿ.ಮೀ. ನಡುವೆ ಪಂಕ್ಚರ್ ಅಂಗಡಿ ಇಲ್ಲ, ಟೀ ಅಂಗಡಿ ಇಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ.

ಸರ್ಕಾರಿ ಬಸ್ಸು ಓಡಿಸಿ ರಿಟೈರ್ ಆದ ಭಾವ ಆಗ ಪಟ್ಟಿ ಪಕ್ಕಕ್ಕೆ ಇಟ್ಟರು. ‘ಜಾಗ ಆಮೇಲೆ ನೋಡನ. ಮೊದ್ಲು ಲೋಡ್ ಎಷ್ಟಯ್ಯ?’

ಮದುವೆ ಕಾರ್ಡೊಂದರ ಹಿಂದೆ ಲೆಕ್ಕ ಹಾಕಿದೆವು. ಕ್ಯಾಂಪರ್ ಖಾಲಿ ತೂಕ 1,150 ಕೆ.ಜಿ. ನೀರು 130 ಲೀಟರು, ಅಂದರೆ 130 ಕೆ.ಜಿ. ಗ್ಯಾಸ್ ಸಿಲಿಂಡರ್ ಎರಡು, 35. ನಾಲ್ಕು ಜನ, 280. ಅಲ್ಲಿಯ ಲೆಕ್ಕದಲ್ಲಿ ಮನುಷ್ಯರೂ ಲೋಡೇ. ಹೆಚ್ಚಿಗೆ ಒಂದು ಚಕ್ರ 35, ಎರಡು ಕ್ಯಾನ್ ಪೆಟ್ರೋಲ್ 35. ಅಕ್ಕಿ ಬೇಳೆ, ಪಾತ್ರೆ, ಬಟ್ಟೆ, ಹೊದಿಕೆ, ಸ್ಪ್ಯಾನರು ಗಿಪ್ಯಾನರು ಸೇರಿ 230. ಒಟ್ಟು 1,895. ನನ್ನ ಗಾಡಿಯ ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಚೀಟಿಯಲ್ಲಿ ಹೊರಬಹುದಾದ ತೂಕ 1,820. ‘ಒನ್ ಟನ್ ಪಿಕಪ್ ಅಂತೀಯ ಮಾವ, ಒಂದು ಟನ್ನಿಗೆ ಇದು ಡಬಲ್ ಆಯ್ತಲ್ಲ’ ಅಂದ ಹುಡುಗ. ಆಫ್ ಟನ್, ಒನ್ ಟನ್ ಅನ್ನುವುದೆಲ್ಲ ಹಳೇ ಕಾಲದ ಹೆಸರು, ಅಷ್ಟೇ, ನಂಬಬೇಕಾದ್ದು ಚೀಟಿಯನ್ನ. ಅದೂ ಕಂಪನಿ ಬ್ರೋಶರಿನಲ್ಲಿರುವ ಕ್ಯಾಂಪರ್ ತೂಕ ಸಾಮಾನ್ಯವಾಗಿ ಬ್ಯಾಟರಿ, ನೆರಳಿನ ಪರದೆ ಯಾವುದನ್ನೂ ಸೇರಿಸದ ತೂಕ. ಎಲ್ಲ ತುಂಬಿಸಿಕೊಂಡು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡುವ ತನಕ ಯಾವ ಅಂಕಿಯೂ ನಿಜವಲ್ಲ.

ಇಲ್ಲಿ ಒಂದು ತಮಾಷೆ ಇದೆ. ತೂಕದ ವಿಷಯದಲ್ಲಿ ಮಂಡ್ಯದ ರೈತನಷ್ಟು ಹುಷಾರಿನ ಮನುಷ್ಯ ಇಲ್ಲ. ಕಬ್ಬಿನ ಗಾಡಿ ಕಾರ್ಖಾನೆ ಮುಂದೆ ನಿಂತಾಗ ತುಂಬಿದ ತೂಕ, ಖಾಲಿ ತೂಕ ಎರಡನ್ನೂ ಕಣ್ಣಿಟ್ಟು ನೋಡುತ್ತಾನೆ. ಅದೇ ರೈತ ಗದ್ದೆಯಲ್ಲಿ ಲೋಡ್ ಮಾಡುವಾಗ ಟ್ರ್ಯಾಕ್ಟರ್ ಮುಂದಿನ ಚಕ್ರ ದಿಣ್ಣೆಯಲ್ಲಿ ಮೇಲೇಳುವಷ್ಟು ಹೇರುತ್ತಾನೆ. ತೂಕ ನಮಗೆ ದುಡ್ಡಿನ ಲೆಕ್ಕ, ಗಾಡಿಯ ಲೆಕ್ಕ ಅಲ್ಲ. ಊರ ಮುಂದಿನ ಎರಡು ಹರದಾರಿಗೆ ಅದು ನಡೆಯುತ್ತದೆ, ಟೈರ್ ಸಿಡಿದರೂ ಯಾರೋ ಬರುತ್ತಾರೆ. ಈಗಲ್ ಪ್ಲೇನ್ಸ್‌ಗೆ ಮುಂಚೆ ಸಿಡಿದರೆ ಆ ದಿನ ಅಲ್ಲೇ ಹೋಯಿತು ಅಂತ ತಿಳಿಯಬೇಕು.

ಭಾವ ಮಾತ್ರ ಕಾರ್ಡಿನ ಮೇಲೆ ಎರಡು ಚಕ್ರ ಬರೆದು, ಕ್ಯಾಂಪರಿನ ಭಾರ ಎಲ್ಲಿ ಕೂರುತ್ತೆ ಅಂತ ಕೇಳಿದರು. ಎಡ್ಮಂಟನ್‌ನಲ್ಲಿ ಕ್ಯಾಂಪರ್ ಮಾರುವವನಿಗೆ ನಾನು ಕೇಳಬೇಕಾದ ಪ್ರಶ್ನೆ ಅದು. ಭಾರದ ನಡು ಹಿಂದಿನ ಆಕ್ಸೆಲ್‌ಗಿಂತ ಕೊಂಚ ಮುಂದೆ ಬೀಳಬೇಕು; ಹಿಂದೆ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲುತ್ತದೆ. ಪ್ರತಿ ಸ್ಟಾಪಿನಲ್ಲೂ ಇಳಿದು ರಾಡಿನಿಂದ ಟೈರಿಗೆ ಒಂದೊಂದು ಏಟು ಹಾಕಿ ಸದ್ದು ಕೇಳುತ್ತಿದ್ದವರು ಅವರು. ಅಲ್ಲಿ ಗಾಳಿ ಅಳೆಯುವ ಸೆನ್ಸರ್ ಇದೆ ಅಂದೆ. ‘ಇರ್ಲಿ ಬುಡು, ರಾಡೂ ಇರ್ಲಿ’ ಅಂದರು.

75 ಕೆ.ಜಿ. ಇಳಿಸಬೇಕಿತ್ತಲ್ಲ. ನೀರು ಅರ್ಧ ಟ್ಯಾಂಕ್ ಸಾಕು ಅಂತ ತೀರ್ಮಾನವಾಯಿತು, ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಸಿಗುತ್ತದೆ, ಕಾಯಿಸಿ ಕುಡಿದರಾಯಿತು. 65 ಹೋಯಿತು. ಮಡಚುವ ಕುರ್ಚಿ, ಟೇಬಲ್ ಬೇಡ, ಚಾಪೆ ಹಾಸಿಕೊಂಡು ಕೂರೋಣ ಅಂದಳು ಅಕ್ಕ. ಮಿಕ್ಕಿದ್ದೂ ಹೋಯಿತು. ಕುಕ್ಕರ್ ಮಾತ್ರ ಇಳಿಸಲು ಅವಳು ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಗ್ಯಾಸ್ ಉಳಿಸುವ ಸಾಮಾನನ್ನ ತೂಕಕ್ಕೆ ಬಿಡುವುದು ಬುದ್ಧಿವಂತಿಕೆ ಅಲ್ಲ. ಹುರಿಹಿಟ್ಟು, ಪುಳಿಯೋಗರೆ ಗೊಜ್ಜು, ರಾಗಿಹಿಟ್ಟು, ಒಣಗಿದ ಅವರೆಕಾಳು. ಒಲೆ ಹಚ್ಚಲಾಗದ ಗಾಳಿಯ ದಿನಕ್ಕೂ ಊಟ ಉಂಟು.

ಇದನ್ನೆಲ್ಲ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ಕಡೆಯವರು ಶಿವರಾತ್ರಿಗೆ, ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವಾಗ ಇದೇ ಲೆಕ್ಕ. ಎಲ್ಲಿ ನೀರು, ಎಲ್ಲಿ ನೆರಳು, ಎಲ್ಲಿ ಒಲೆ ಹೂಡಬಹುದು, ಯಾರ ಕಾಲು ಮೊದಲು ಸೋಲುತ್ತೆ. ಹೊತ್ತಿದ್ದು ಭಾರವಾದರೆ ಏರಿನಲ್ಲಿ ಗೊತ್ತಾಗುತ್ತದೆ, ಅದಕ್ಕೇ ಮನೆಯಲ್ಲೇ ಕಡಿಮೆ ಮಾಡಿಕೊಂಡು ಹೊರಡುತ್ತಿದ್ದರು. ಕಾಶಿಗೆ ಬಸ್ಸು ಮಾಡಿಕೊಂಡು ಹೋದವರೂ ಹಾಗೆಯೇ, ಅಡಿಗೆಯವನನ್ನ, ಅಕ್ಕಿ ಮೂಟೆಯನ್ನ, ಒಲೆಯನ್ನ ಜೊತೆಗೇ ಒಯ್ದವರು. ಪ್ಯಾಕೇಜ್ ಟೂರಿನ ಕಾಲದಲ್ಲಿ ನಾವು ಆ ಕಸುಬು ಮರೆತೆವು.

ಕೆನಡಾದವರು ಮರೆತಿಲ್ಲ. ಆದರೆ ಅವರದೂ ಒಂದು ಹುಚ್ಚಿದೆ, ಅದನ್ನೂ ಹೇಳಿಬಿಡುತ್ತೇನೆ. ಇಬ್ಬರು ಹೋಗುವ ತಿರುಗಾಟಕ್ಕೆ ಒಂದು ಅಂಗಡಿಯಷ್ಟು ಸಾಮಾನು ಕೊಳ್ಳುತ್ತಾರೆ. ಸೋಲಾರ್, ಲಿಥಿಯಂ ಬ್ಯಾಟರಿ, ವಿಂಚು, ಸ್ಯಾಟಲೈಟ್ ಫೋನು, ಕರಡಿ ಸ್ಪ್ರೇ, ಸೊಳ್ಳೆ ಡೇರೆ. ಕೆಲವು ಬೇಕೇ ಬೇಕು. ಕರಡಿ ಸ್ಪ್ರೇ ಬಗ್ಗೆ ನನ್ನ ಜೊತೆ ವಾದ ಬೇಡ. ಆದರೆ ನನ್ನ ಬೀದಿಯಲ್ಲೇ ವರ್ಷಾನುಗಟ್ಟಲೆ ಗಾಡಿ ಸಜ್ಜು ಮಾಡುತ್ತಾ, ಜ್ಯಾಸ್ಪರ್ ದಾಟದವರಿದ್ದಾರೆ. ಹೊರಡುವುದಕ್ಕಿಂತ ಸಜ್ಜಾಗುವುದೇ ಅವರಿಗೆ ಹೆಚ್ಚು ಸುಖ ಅಂತ ಕಾಣುತ್ತದೆ.

ಅವರಿಂದ ಕಲಿಯಬೇಕಾದ ಒಂದು ವಿಷಯ ಮಾತ್ರ ನಮ್ಮ ಹುಡುಗನಿಗೆ ಹಿಡಿಸಲೇ ಇಲ್ಲ: ಖಾಲಿ ದಿನ. ವಾರಕ್ಕೆ ಎರಡು ದಿನವಾದರೂ ಏನೂ ಬರೆಯದೆ ಬಿಡಬೇಕು. ಡೆಂಪ್‌ಸ್ಟರ್‌ನಲ್ಲಿ ಪೀಲ್, ಮೆಕೆಂಜಿ ಎರಡು ನದಿಗೂ ಸೇತುವೆ ಇಲ್ಲ, ಬೇಸಿಗೆಯಲ್ಲಿ ಫೆರಿಯಲ್ಲಿ ದಾಟಬೇಕು. ನೀರು ಏರಿದರೆ ಫೆರಿ ನಿಲ್ಲುತ್ತದೆ, ಮಳೆಗೆ ರಸ್ತೆ ಕೊಚ್ಚಿದರೆ ಗೇಟು ಬೀಳುತ್ತದೆ. ಕಾಡ್ಗಿಚ್ಚು ಬೇರೆ. 2023ರ ಆಗಸ್ಟಿನಲ್ಲಿ ಯೆಲ್ಲೋನೈಫ್ ಊರಿಗೆ ಊರನ್ನೇ ಖಾಲಿ ಮಾಡಿಸಿದರು. 2024ರ ಮೇನಲ್ಲಿ ಅಲಾಸ್ಕಾ ಹೆದ್ದಾರಿಯ ಮೇಲಿರುವ ಫೋರ್ಟ್ ನೆಲ್ಸನ್ ಖಾಲಿಯಾಯಿತು. ‘ಖಾಲಿ ದಿನ ಅಂದ್ರೆ ವೇಸ್ಟ್ ಅಲ್ವಾ?’ ಅಂದ. ಅಲಾಸ್ಕಾ, ಡೆನಾಲಿ, ಡಾಲ್ಟನ್ ಹೆದ್ದಾರಿ ಮೂರನ್ನೂ ಹೊಡೆದುಹಾಕಿ ಆ ದಿನಗಳನ್ನ ಹೊಂದಿಸಿದೆ. ಡಾಲ್ಟನ್‌ನಲ್ಲಿ 666 ಕಿ.ಮೀ. ಓಡಿಸಿ ಅದರ ಕೊನೆಯ ಡೆಡ್‌ಹಾರ್ಸ್ ತಲುಪಿದರೂ ಸಮುದ್ರಕ್ಕೆ ನಮ್ಮ ಗಾಡಿಯಲ್ಲಿ ಹೋಗುವ ಹಾಗಿಲ್ಲ. ಮಧ್ಯೆ ತೈಲದ ಕಂಪನಿಗಳ ಜಾಗ, ಮುಂಚೆ ಬುಕ್ ಮಾಡಿದ ವ್ಯಾನಿನಲ್ಲೇ ಹೋಗಬೇಕು. ಟಕ್‌ಟೊಯಾಕ್‌ಟಕ್‌ನಲ್ಲಿ ರಸ್ತೆ ನೀರಿನ ತನಕ ಹೋಗುತ್ತದೆ. ಜೊತೆಗೆ ಅಮೆರಿಕದ ವೀಸಾ ತಲೆನೋವೂ ತಪ್ಪುತ್ತದೆ.

ತಿಂಗಳು ಯಾವುದು ಅನ್ನುವುದೇ ಕೊನೆಗೆ ಉಳಿದ ಜಗಳ. ನಾನು ಜುಲೈ ಅಂದೆ, ಸೂರ್ಯ ಮುಳುಗದ ಕಾಲ. ‘ಆಸಾಡ್ದಲ್ಲಿ ಹೊಸ್ಲು ದಾಟಿ ಅಷ್ಟು ದೂರ ಹೋಗಕಿಲ್ಲ’ ಅಂದಳು ಅಕ್ಕ, ಅದೂ ಅಲ್ಲದೆ ಆಷಾಢದ ಶುಕ್ರವಾರ ಚಾಮುಂಡಿ ಬೆಟ್ಟ ತಪ್ಪಿಸುವವಳಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಆಷಾಢ ಆಗಸ್ಟ್ 12ರ ಭೀಮನ ಅಮಾವಾಸ್ಯೆವರೆಗೂ ಎಳೆಯುತ್ತದೆ. ಕ್ಯಾಲೆಂಡರ್ ಮುಂದಿಟ್ಟುಕೊಂಡು ನೋಡಿದರೆ ಅವಳ ಶಾಸ್ತ್ರ ನನ್ನ ಲೆಕ್ಕಕ್ಕಿಂತ ಮೇಲು. ಜುಲೈನಲ್ಲಿ ಅಲ್ಲಿ ಸೊಳ್ಳೆಗಳು ಉಸಿರಿಗೇ ನುಗ್ಗುತ್ತವೆ. ಆಗಸ್ಟ್ ಕೊನೆಗೆ ಅವು ಇಳಿಯುತ್ತವೆ, ಬಯಲೆಲ್ಲ ಕೆಂಪು ಹಳದಿಗೆ ತಿರುಗುತ್ತದೆ, ರಾತ್ರಿಯ ಕತ್ತಲು ವಾಪಸು ಬರುವುದರಿಂದ ಅರೋರಾ ಅನ್ನುವ ಆಕಾಶದ ಹಸಿರು ಬೆಳಕೂ ಕಾಣುತ್ತದೆ. ಫೆರಿ ಅಕ್ಟೋಬರಿನ ತನಕ ಓಡುತ್ತದೆ. ರಾತ್ರಿ ಸೊನ್ನೆ ಡಿಗ್ರಿ ಮುಟ್ಟಬಹುದು, ನೀರಿನ ಪೈಪಿನ ಮೇಲೆ ಒಂದು ಕಣ್ಣಿರಬೇಕು, ಅಷ್ಟೇ.

ಹಾಗಾಗಿ ಶ್ರಾವಣದಲ್ಲಿ ಹೊರಡುವುದು ಅಂತಾಯಿತು. ವಾಪಸು ಬರುವಾಗ ಖಾಲಿ ದಿನಗಳೆಲ್ಲ ಖರ್ಚಾಗಿದ್ದರೆ ಸೆಪ್ಟೆಂಬರಿನ ಗೌರಿ ಹಬ್ಬ ವೈಟ್‌ಹಾರ್ಸ್‌ನಲ್ಲೇ ಆಗಬಹುದು. ಆಗಲಿ ಅಂದಳು ಅಕ್ಕ. ಬಾಗಿನದ ಮೊರ ಮಾತ್ರ ಮಳವಳ್ಳಿ ಸಂತೆಯಿಂದಲೇ ಬರುತ್ತವಂತೆ, ಎರಡು ಜೊತೆ, ಒಂದು ನನ್ನ ಹೆಂಡತಿಗೆ.