ಬುಕಿಂಗಿಗೆ ಬದ್ಧರಾಗಬೇಕಾದವರು ನಾವು ಮಾತ್ರವೇ?

ಹಡಗು ಕಂಪನಿಗಳು ಕೊಡುವ ಬುಕಿಂಗ್ ಪತ್ರಕ್ಕೆ ಏನು ಬೆಲೆಯಿದೆ ಎಂದು ನಾನು ಸಿಟ್ಟಿನಿಂದಲೇ ಕೇಳುತ್ತಿದ್ದೇನೆ. ಬೆಳಗಾವಿಯ ಉದ್ಯಮಬಾಗ ಮತ್ತು ಮಚ್ಛೆಯ ಫೌಂಡ್ರಿಗಳ (ಎರಕದ ಕಾರ್ಖಾನೆಗಳ) ಮಾಲನ್ನು ಯುರೋಪಿಗೆ ಕಳಿಸಿಕೊಡುವ ಫಾರ್ವರ್ಡಿಂಗ್ ಕೆಲಸ ನನ್ನದು. ನಾವು ಬುಕಿಂಗ್ ರದ್ದು ಮಾಡಿದರೆ ದಂಡ ಕಟ್ಟಬೇಕು. ಅವರೇ ನಮ್ಮ ಕಂಟೇನರನ್ನು ದಡದಲ್ಲಿ ಬಿಟ್ಟು ಹಡಗು ಹೊರಡಿಸಿದರೆ ಅದಕ್ಕೆ ‘ರೋಲ್ ಓವರ್’ ಎಂದು ಹೆಸರಿಟ್ಟು, ಎರಡು ಸಾಲಿನ ಇಮೇಲ್ ಕಳಿಸಿ ಕೈತೊಳೆದುಕೊಳ್ಳುತ್ತಾರೆ.

ಕಳೆದ ತಿಂಗಳು ರಾಟರ್‌ಡ್ಯಾಮಿಗೆ ಹೋಗಬೇಕಿದ್ದ ಪಂಪ್ ಕೇಸಿಂಗುಗಳ (ಪಂಪಿನ ಎರಕದ ಹೊರಕವಚಗಳ) ವಿಷಯದಲ್ಲಿಯೂ ಇದೇ ಆಯಿತು. ಪ್ರತಿಯೊಂದು ಕಾಸ್ಟಿಂಗಿಗೂ ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಶಾಖ ಸಂಸ್ಕರಣೆಯ ಮುದ್ರೆಯಿರುವ ಮರದ ಪೆಟ್ಟಿಗೆಗಳಲ್ಲಿ ಅಲುಗಾಡದಂತೆ ಕೂರಿಸಿ, 20 ಅಡಿ ಕಂಟೇನರಿಗೆ ತುಂಬಿದ್ದರು. ತೂಕದ ಪ್ರಮಾಣಪತ್ರ, ಕಸ್ಟಮ್ಸಿಗೆ ಕೊಡುವ ಶಿಪ್ಪಿಂಗ್ ಬಿಲ್, ಸೀಲು ಎಲ್ಲವೂ ಸರಿಯಿದ್ದವು. ನಿಪ್ಪಾಣಿ, ಕೊಲ್ಹಾಪುರ, ಸಾತಾರಾ, ಪುಣೆ ದಾಟಿದ ಲಾರಿ, ಆ ಹಡಗಿನ ಮಾಲಿಗೆ ಗೇಟ್ ಮುಚ್ಚುವ ಮೊದಲೇ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನ ಒಳಗೆ ಹೋಯಿತು, ಕಸ್ಟಮ್ಸಿನ ರಫ್ತು ಅನುಮತಿಯೂ ಸಿಕ್ಕಿತು. ಆ ಸಂಜೆಯೇ ಹಡಗಿನಲ್ಲಿ ಜಾಗವಿಲ್ಲ, ಮುಂದಿನ ಹಡಗಿಗೆ ಹಾಕುತ್ತೇವೆ ಎಂಬ ಸಂದೇಶ ಬಂತು. ಯಾರ ಕಂಟೇನರ್ ಏರಿತು, ನಮ್ಮದನ್ನೇ ಏಕೆ ಬಿಟ್ಟರು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಮಾಲು ಯಾರ್ಡಿನಲ್ಲಿ ನಿಂತ ದಿನಗಳ ಬಾಡಿಗೆಯನ್ನೂ ನಮ್ಮ ಬಿಲ್ಲಿಗೇ ಸೇರಿಸಿದರು.

ಫೌಂಡ್ರಿಯ ಮಾಲೀಕರು ನನಗೆ ಫೋನ್ ಮಾಡಿ, “ಸಾಹೇಬ್ರ, ನಾವು ಮಾಲು ಹೇಳಿದ ದಿನಾನ ಕೊಟ್ಟೀವಿ. ಹಡಗಿನವರು ಬಿಟ್ಟು ಹೋದ್ರ ರೊಕ್ಕ ನಾವ್ಯಾಕ ಕೊಡಬೇಕು?” ಎಂದು ಕೇಳಿದರು. ಅವರ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ನಷ್ಟ ಅಲ್ಲಿಗೂ ನಿಲ್ಲಲಿಲ್ಲ. ಯುರೋಪಿನ ಖರೀದಿದಾರ ತನ್ನ ಜೋಡಣೆಯ ಕೆಲಸ ನಿಲ್ಲುತ್ತದೆ, ಒಂದಷ್ಟು ಮಾಲನ್ನು ನಿಮ್ಮ ಖರ್ಚಿನಲ್ಲಿ ವಿಮಾನದಲ್ಲಿ ಕಳಿಸಿ ಎಂದು ಪಟ್ಟು ಹಿಡಿದ. ಬಂದರಿನೊಳಗೆ ಹೋದ ಮಾಲನ್ನು ಹೊರತರಬೇಕೆಂದರೆ ‘ಬ್ಯಾಕ್ ಟು ಟೌನ್’ ಅನುಮತಿಗಾಗಿ ಮತ್ತೆ ಕಸ್ಟಮ್ಸಿನ ಬಾಗಿಲು ಕಾಯಬೇಕು. ಅದಕ್ಕಿಂತ ಹೊಸದಾಗಿ ಎರಕ ಹೊಯ್ಯುವುದೇ ಬೇಗ ಎಂದು ರಾತ್ರಿ ಪಾಳಿ ಹಚ್ಚಿ ಇನ್ನೊಂದು ಲಾಟ್ ತಯಾರಿಸಿದರು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ವಿದೇಶಕ್ಕೆ ನೇರ ಸರಕು ವಿಮಾನವಿಲ್ಲದ ಕಾರಣ ಅದನ್ನೂ ಮುಂಬೈಗೇ ಒಯ್ಯಬೇಕಾಯಿತು. ವಿಮಾನಯಾನದವರು ಒಂದು ಘನ ಮೀಟರನ್ನು 167 ಕೆ.ಜಿ. ಎಂದು ಲೆಕ್ಕ ಹಾಕಿ, ಅದು ಮತ್ತು ನಿಜವಾದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ವಸೂಲು ಮಾಡುತ್ತಾರೆ. ಕಬ್ಬಿಣದ ಮಾಲಿಗೆ ತೂಕವೇ ಹೆಚ್ಚು. ಅದರ ಮೇಲೆ ಇಂಧನದ ಮತ್ತು ಭದ್ರತೆಯ ಸರ್ಚಾರ್ಜ್ ಬೇರೆ. ಇಡೀ ಆರ್ಡರಿನ ಲಾಭವನ್ನು ಆ ಒಂದು ಏರ್‌ವೇ ಬಿಲ್ ನುಂಗಿತು.

ಹಡಗಿನವರನ್ನು ಕೇಳಿದರೆ ಮಾರುಕಟ್ಟೆಯ ಪರಿಸ್ಥಿತಿ ಎನ್ನುತ್ತಾರೆ. ಪರಿಸ್ಥಿತಿ ನನಗೂ ಗೊತ್ತಿದೆ. 2021ರ ಮಾರ್ಚಿನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ನಿಂತದ್ದನ್ನೂ, 2023ರ ನವೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಶುರುವಾದ ಯೆಮೆನಿನ ಹೌತಿ ಬಂಡುಕೋರರ ದಾಳಿಗೆ ಹೆದರಿ ಹಡಗುಗಳು ಆಫ್ರಿಕದ ಗುಡ್ ಹೋಪ್ ಭೂಶಿರವನ್ನು ಸುತ್ತಿ ಹೋಗತೊಡಗಿದ್ದನ್ನೂ, ಅದರಿಂದ ಯುರೋಪಿನ ಪ್ರಯಾಣಕ್ಕೆ ಹತ್ತರಿಂದ ಹದಿನಾಲ್ಕು ದಿನ ಹೆಚ್ಚಾದದ್ದನ್ನೂ ನಾವೇ ಅನುಭವಿಸಿದ್ದೇವೆ. ಯುದ್ಧವನ್ನು ಯಾರೂ ತಡೆಯಲಾರರು ಎಂದು ಆಗ ಸುಮ್ಮನೆ ಹೆಚ್ಚಿನ ಬಾಡಿಗೆ ಕೊಟ್ಟೆವು. ಆದರೆ ಕಂಟೇನರ್ ಬಾಡಿಗೆಯ ಏರಿಳಿತ ತೋರಿಸುವ ಡ್ರೂರಿ ಸೂಚ್ಯಂಕದಲ್ಲಿ 2021ರ ಸೆಪ್ಟೆಂಬರಿನಲ್ಲಿ 10,000 ಡಾಲರ್ ದಾಟಿದ್ದ 40 ಅಡಿ ಕಂಟೇನರಿನ ದರ 2023ರ ಅಕ್ಟೋಬರ್ ಹೊತ್ತಿಗೆ 1,500 ಡಾಲರಿಗಿಂತ ಕೆಳಗೆ ಕುಸಿದಾಗ ಇವರು ಮಾಡಿದ್ದೇನು? ಬ್ಲ್ಯಾಂಕ್ ಸೇಲಿಂಗ್ ಎಂದು ನಿಗದಿಯಾಗಿದ್ದ ಯಾನಗಳನ್ನೇ ರದ್ದು ಮಾಡಿದರು. ಹೀಗೆ ತಾವೇ ಜಾಗ ಕಡಿಮೆ ಮಾಡಿ, ಆಮೇಲೆ ಜಾಗವಿಲ್ಲವೆಂದು ನಮ್ಮ ಕಂಟೇನರನ್ನು ಬಿಟ್ಟು ಹೋಗುವುದನ್ನು ನಾನು ಮಾರುಕಟ್ಟೆಯ ಪರಿಸ್ಥಿತಿ ಎಂದು ಒಪ್ಪಲಾರೆ.

ಬಿಲ್ಲಿನ ವಿಷಯವೂ ಅಷ್ಟೇ. ಬಂದರಿನಲ್ಲಿ ಕಂಟೇನರ್ ಎತ್ತಿಳಿಸುವ ಟರ್ಮಿನಲ್ ಹ್ಯಾಂಡ್ಲಿಂಗ್, ಸಾಗಣೆ ಪತ್ರದ (ಬಿಲ್ ಆಫ್ ಲೇಡಿಂಗ್) ಬಿ.ಎಲ್. ಫೀ, ಸೀಲಿನ ಶುಲ್ಕ, ಭಾರದ ಮಾಲೆಂದು ಓವರ್‌ವೇಟ್ ಸರ್ಚಾರ್ಜ್ ಎಂದು ಸಾಲುಗಳು ಬೆಳೆಯುತ್ತಲೇ ಇರುತ್ತವೆ. ಡಾಲರಿನ ಲೆಕ್ಕವನ್ನು ರೂಪಾಯಿಗೆ ತರುವಾಗ ಬ್ಯಾಂಕಿನ ದರ ನಡೆಯುವುದಿಲ್ಲ, ಅದಕ್ಕಿಂತ ಹೆಚ್ಚಿನ ಅವರದೇ ದರ.

ಅಮೆರಿಕವು 2022ರಲ್ಲಿ ತನ್ನ ಹಡಗು ಸಾಗಣೆ ಕಾಯ್ದೆಯನ್ನು ತಿದ್ದಿ, ಹಡಗಿನಲ್ಲಿ ಜಾಗ ಕೊಡಲು ಸಕಾರಣವಿಲ್ಲದೆ ನಿರಾಕರಿಸುವುದನ್ನು ನಿಷೇಧಿಸಿತು ಮತ್ತು ಡೆಮರೇಜ್ (ಕಂಟೇನರ್ ಬಂದರಿನಲ್ಲಿ ಹೆಚ್ಚು ದಿನ ನಿಂತದ್ದಕ್ಕೆ ಹಾಕುವ ಶುಲ್ಕ) ಬಿಲ್ಲುಗಳ ನ್ಯಾಯವನ್ನು ಪ್ರಶ್ನಿಸುವ ದಾರಿಯನ್ನು ಸುಗಮಗೊಳಿಸಿತು. ನಮ್ಮಲ್ಲಿ 1925ರ ಸಮುದ್ರ ಸಾಗಣೆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ. ಆದರೆ ಅದರ ನಿಯಮಗಳು ಹೊಣೆ ಹೊರಿಸುವುದು ಮಾಲು ಹಡಗಿಗೆ ಏರಿದ ಮೇಲೆ. ನಮ್ಮ ಮಾಲು ಏರುವುದೇ ಇಲ್ಲವಲ್ಲ!

ನಾವು ಕೇಳುತ್ತಿರುವುದು ರಿಯಾಯಿತಿಯನ್ನಲ್ಲ. ಗೇಟ್ ಮುಚ್ಚುವ ಮೊದಲು ಒಳಗೆ ಬಂದ ಕಂಟೇನರನ್ನು ಬಿಟ್ಟು ಹೋದರೆ ಅಂದಿನಿಂದ ಯಾರ್ಡಿನ ಬಾಡಿಗೆ ಹಡಗು ಕಂಪನಿಯ ಲೆಕ್ಕಕ್ಕೆ ಬೀಳಬೇಕು, ಬಿಟ್ಟ ಕಾರಣವನ್ನು ಲಿಖಿತವಾಗಿ ಕೊಡಬೇಕು, ಬುಕಿಂಗ್ ರದ್ದು ಮಾಡಿದ್ದಕ್ಕೆ ನಮ್ಮಿಂದ ಎಷ್ಟು ದಂಡ ಕಟ್ಟಿಸಿಕೊಳ್ಳುತ್ತಾರೋ ಅಷ್ಟನ್ನೇ ಅವರೂ ನಮಗೆ ಕಟ್ಟಬೇಕು.